ಬೇಡ ಅನ್ನುವವನು ಜೊತೆಗಿರಲಿ

ಹಿಮಾಲಯದ ಚಾರಣಕ್ಕೆ ಹೊರಟಿರುವ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಯುವಜನರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಯುಗಾದಿಗೆ ಊರಿಗೆ ಬಂದಿದ್ದ ಹುಡುಗನೊಬ್ಬ ನಮ್ಮ ಮನೆಯ ಜಗುಲಿ ಮೇಲೆ ಕೂತು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಎರಡು ಬೆಟ್ಟಗಳ ನಡುವೆ ಬೂದು ಬಣ್ಣದ ಹಿಮನದಿ, ಅದರ ಅಂಚಿಗೆ ನಾಲ್ಕು ಹಳದಿ ಗುಡಾರ. "ಮೇಷ್ಟ್ರೇ, ಮೇ ತಿಂಗಳಲ್ಲಿ ಇಲ್ಲಿಗೆ ಹೊರಟೀವಿ. ಹನ್ನೆರಡು ಜನ, ಅರ್ಧಕ್ಕರ್ಧ ನಮ್ಮ ಕಡೆಯೋರೇ" ಅಂದ. ಹೊರಗೆ ಚಳ್ಳಕೆರೆಯ ಬಿಸಿಲು ರಸ್ತೆಯ ಡಾಂಬರನ್ನು ಮೆತ್ತಗೆ ಮಾಡಿತ್ತು. ಮಂಜುಗಡ್ಡೆಯನ್ನು ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಸೀಮೆಯ ಮಕ್ಕಳು ಹಿಮನದಿಯ ದಂಡೆಗೆ ಹೊರಟಿದ್ದಾರೆಂದರೆ ನನಗೆ ಹೆಮ್ಮೆಯೇ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಕರಕೊಂಡು ಹೋಗೋನು ಯಾರಪ್ಪ?" ಅವನು ಒಂದು ಕಂಪನಿಯ ಹೆಸರು ಹೇಳಿದ. "ಅದು ದುಡ್ಡು ಕಟ್ಟಿಸಿಕೊಳ್ಳೋರ ಹೆಸರಾಯ್ತು. ಬೆಟ್ಟದ ಮೇಲೆ ನಿಮ್ಮ ಮುಂದೆ ನಡೆಯೋ ಆಳು ಯಾರು?" ಹುಡುಗ ತಲೆ ಕೆರೆದುಕೊಂಡ. ಬೆಳಗ್ಗೆ ತಿಂಡಿಗೆ ಏನು ಕೊಡುತ್ತಾರೆ, ಒಂದು ಗುಡಾರಕ್ಕೆ ಎಷ್ಟು ಜನ, ಬೆನ್ನಚೀಲ ಎಷ್ಟು ಲೀಟರಿನದಿರಬೇಕು, ಎಲ್ಲ ಅವನಿಗೆ ಬಾಯಿಪಾಠ. ಇದೊಂದು ಗೊತ್ತಿರಲಿಲ್ಲ. ಅವತ್ತು ಜಗುಲಿಯ ಮೇಲೆ ಪೂರ್ತಿ ಹೇಳಲಾಗದ್ದನ್ನು ನಿಮಗೆಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮದೇ ಗುಡ್ಡದ ಒಂದು ಸಂಗತಿ. ಹಲವು ವರ್ಷಗಳ ಹಿಂದೆ ನಾವು ನಾಲ್ವರು ಮೊಳಕಾಲ್ಮುರು ಸೀಮೆಯ ಗುಡ್ಡವೊಂದನ್ನು ಹತ್ತಲು ಬೆಳಗಿನ ಜಾವಕ್ಕೇ ಹೊರಟಿದ್ದೆವು. ಬುಡದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದ ಕುರಿಗಾರನೊಬ್ಬನನ್ನು ದಾರಿ ತೋರಿಸಲು ಕರೆದುಕೊಂಡೆವು. ಅರ್ಧ ಗಂಟೆ ಹತ್ತಿರಬಹುದು, ಒಂದು ಹಾಸುಬಂಡೆಯ ಹತ್ತಿರ ಆತ ನಿಂತುಬಿಟ್ಟ. ಪಕ್ಕದ ಗೆದ್ದಲ ಹುತ್ತ ಬಗೆದು ಬಿದ್ದಿತ್ತು, ಒಳಗಿನ ಮಣ್ಣು ಇನ್ನೂ ಹಸಿ. ಆಚೆಗೆ ಬಾರೆಹಣ್ಣಿನ ಬೀಜ ತುಂಬಿದ ಲದ್ದಿ. ಮಣ್ಣಿನಲ್ಲಿ ದೊಡ್ಡ ಹೆಜ್ಜೆಯ ಜೊತೆಗೆ ಚಿಕ್ಕ ಹೆಜ್ಜೆಯೂ ಇತ್ತು. ಆತ ಬಗ್ಗಿ ನೋಡಿದ. ಒಂದು ಚಿಟಿಕೆ ಮಣ್ಣು ತೂರಿ ಗಾಳಿ ಎತ್ತಲಿಂದ ಎಂದು ಕಂಡುಕೊಂಡ. "ಮೇಷ್ಟ್ರೇ, ಇವತ್ತು ಮ್ಯಾಲಕ್ಕೆ ಬ್ಯಾಡ. ಮರಿ ಕಟ್ಟಿಕೊಂಡು ಕರಡಿ ಈ ಗುಂಡುಗಳ ಸಂದಿಯಾಗೇ ಐತೆ" ಅಂದ.

ನಾವು ಸುಮ್ಮನಾಗಲಿಲ್ಲ. ಇನ್ನೊಂಚೂರು ದೂರ ಹೋಗೋಣ ಅಂದೆವು, ಗದ್ದಲ ಮಾಡಿಕೊಂಡು ಹೋದರೆ ಕರಡಿ ಓಡುತ್ತದೆ ಅಂದೆವು, ಕಡೆಗೆ ಕೂಲಿ ಜಾಸ್ತಿ ಕೊಡುತ್ತೇವೆ ಅಂದೆವು. ಆತ ತಲೆಯ ಟವೆಲ್ ಬಿಚ್ಚಿ ಕೊಡವಿ, ಮತ್ತೆ ಸುತ್ತಿಕೊಂಡು, ಇಳಿಯತೊಡಗಿದ. ದಾರಿ ಬಲ್ಲವನೇ ಇಳಿದ ಮೇಲೆ ನಾವು ಅಲ್ಲಿ ನಿಂತು ಮಾಡುವುದೇನು? ಬೈದುಕೊಂಡೇ ಇಳಿದೆವು. ಮೇಲೆ ನಿಜವಾಗಿ ಕರಡಿ ಇತ್ತೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ಆತನಿಗೆ ಕೊಟ್ಟ ಕೂಲಿಗೆ ನಮಗೆ ದಕ್ಕಿದ ಲಾಭವೇ ಅದು, ಗೊತ್ತಾಗದೆ ಹೋದದ್ದು.

ಅದಾದ ಎಷ್ಟೋ ವರ್ಷಕ್ಕೆ ಗೋಮುಖದ ದಾರಿಯಲ್ಲಿ ಬೇಡ ಎನ್ನುವ ಇದೇ ಮಾತನ್ನು ಇನ್ನೊಂದು ಭಾಷೆಯಲ್ಲಿ ಕೇಳಿದೆ. ಉತ್ತರಕಾಶಿ ಜಿಲ್ಲೆಯ ಗಂಗೋತ್ರಿ ರಾಷ್ಟ್ರೀಯ ಉದ್ಯಾನ ನಿಮ್ಮಲ್ಲಿ ಹಲವರ ಪಟ್ಟಿಯಲ್ಲಿದೆಯೆಂದು ಕೇಳಿದ್ದೇನೆ. 1989ರಲ್ಲಿ ಘೋಷಣೆಯಾದ ಈ ಉದ್ಯಾನ 2,390 ಚದರ ಕಿಲೋಮೀಟರ್ ಇದೆ. ಅದರ ನಡುವೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ಗಂಗೋತ್ರಿ ಹಿಮನದಿ ಮಲಗಿದೆ. ಆ ಹಿಮನದಿಯ ಬಾಯಿಯಾದ ಗೋಮುಖದ ದಾರಿಗೆ ದಿನಕ್ಕೆ 150 ಜನರಿಗೆ ಮಾತ್ರ ಪರವಾನಗಿ. ಗಂಗೋತ್ರಿಯಿಂದ ಚೀಡ್‌ಬಾಸಾ, ಅಲ್ಲಿಂದ ಭೋಜ್‌ಬಾಸಾ, ಆಮೇಲೆ ಗೋಮುಖ, ಒಟ್ಟು 18 ಕಿಲೋಮೀಟರ್ ನಡಿಗೆ. ಹಿಮನದಿ ಎಂದಾಗ ನಾವು ಹಾಲಿನಂಥ ಬಿಳುಪನ್ನು ನೆನೆಸಿಕೊಳ್ಳುತ್ತೇವೆ. ಹತ್ತಿರ ಹೋಗಿ ನೋಡಿದರೆ ನಮ್ಮ ಕಲ್ಲು ಕ್ವಾರಿಯ ಹಾಗೆ ಧೂಳು, ಜಲ್ಲಿ, ಗುಂಡುಕಲ್ಲುಗಳ ರಾಶಿ. ಅದರ ಅಡಿಯಲ್ಲಿ ಗಾಜಿನಂಥ ಹಸಿರು ಮಂಜುಗಡ್ಡೆ, ಅದರ ಬಾಯಿಂದ ಮಣ್ಣುಬಣ್ಣದ ನೀರು ಭೋರ್ಗರೆಯುತ್ತ ಬರುತ್ತದೆ.

ಚೀಡ್‌ಬಾಸಾ ದಾಟಿದ ಮೇಲೆ ಸಡಿಲ ಕಲ್ಲಿನ ಒಂದು ಇಳಿಜಾರು ಸಿಗುತ್ತದೆ. ನಮ್ಮ ಮುಂದಾಳು ಆ ಕಡೆಯ ಹಳ್ಳಿಯವನು, ಬೆಳಗ್ಗೆ ಐದಕ್ಕೇ ನಮ್ಮನ್ನೆಬ್ಬಿಸಿ ಹೊರಡಿಸಿದ. ರಾತ್ರಿ ಚಳಿಗೆ ನೀರು ಹೆಪ್ಪುಗಟ್ಟಿ ಕಲ್ಲುಗಳನ್ನು ಹಿಡಿದಿಟ್ಟಿರುತ್ತದೆ. ಬಿಸಿಲೇರಿ ಆ ಹಿಡಿತ ಕರಗಿದರೆ ಕಲ್ಲು ಉರುಳಲು ಶುರು. ಮೇಲುಗಡೆ ಕಾಡುಕುರಿ ಓಡಾಡಿದರೂ ಸಾಕು. ವಾಪಸ್ಸು ಬರುವಾಗ ನಾವು ತಡಮಾಡಿದೆವು, ಫೋಟೋ ಹುಚ್ಚಿಗೆ. ಇಳಿಜಾರಿನ ಹತ್ತಿರ ಬಂದಾಗ ಮಧ್ಯಾಹ್ನ ಮೀರಿತ್ತು. ಆತ ನಮ್ಮನ್ನು ಒಂದು ಬಂಡೆಯ ಮರೆಯಲ್ಲಿ ಕೂರಿಸಿದ. ಯಾಕೆಂದು ಕೇಳಿದ್ದಕ್ಕೆ ಕಿವಿಗೆ ಕೈಯಿಟ್ಟು ತೋರಿಸಿದ. ಹತ್ತು ನಿಮಿಷ ಕಿವಿಗೊಟ್ಟ ಮೇಲೆ ನಮಗೂ ಕೇಳಿಸಿತು, ಮೇಲಿನಿಂದ ಟಕ್ ಟಕ್ ಎಂದು ಒಂದೊಂದೇ ಕಲ್ಲು ಜಾರುವ ಸದ್ದು. ಆ ಸದ್ದು ಪೂರ್ತಿ ನಿಲ್ಲುವವರೆಗೂ ಆತ ನಮ್ಮನ್ನು ಎಬ್ಬಿಸಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ, ನಡುವೆ ಅಂತರ ಬಿಟ್ಟು, ಮಾತಿಲ್ಲದೆ ದಾಟಿಸಿದ. ಹುತ್ತದ ಹಸಿಮಣ್ಣು ನೋಡಿದ ನಮ್ಮ ಕುರಿಗಾರನೂ ಕಲ್ಲಿನ ಸದ್ದಿಗೆ ಕಿವಿಗೊಟ್ಟ ಈತನೂ ಓದಿದ ಶಾಲೆ ಒಂದೇ ಅನ್ನಿಸಿತು ನನಗೆ.

ಕಲ್ಲಿನ ಸದ್ದಾದರೂ ಹೊರಗೆ ಕೇಳುತ್ತದೆ. ದೇಹದ ಒಳಗೆ ನಡೆಯುವುದು ಕೇಳುವುದಿಲ್ಲ. ನಮ್ಮ ಚಳ್ಳಕೆರೆ ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿದೆ. ಗಂಗೋತ್ರಿ 3,100 ಮೀಟರ್, ಗೋಮುಖ ಸುಮಾರು 4,000. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟಕ್ಕೆ ಇಳಿದಿರುತ್ತದೆ, ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ದಿನ ಬೇಕು. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಬೇಕು. ಇದು ಪರ್ವತ ವೈದ್ಯರು ಒಪ್ಪಿರುವ ಲೆಕ್ಕ. ನಾಲ್ಕು ದಿನದ ರಜೆಯಲ್ಲಿ ಎಲ್ಲ ಮುಗಿಸಬೇಕೆಂಬ ಬೆಂಗಳೂರಿನ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.

ತಲೆನೋವು, ವಾಕರಿಕೆ, ಊಟ ಬೇಡವೆನ್ನಿಸುವುದು, ಇವು ಮೊದಲ ಸೂಚನೆ. ಆಗ ಮೇಲೆ ಹತ್ತಬಾರದು. ನೆಲದ ಮೇಲೆ ಒಂದು ಗೆರೆ ಎಳೆದು ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದಾಗ ತೂರಾಡಿದರೆ ಮಿದುಳಿಗೆ ಬಾವು ಬರುತ್ತಿದೆಯೆಂದು ತಿಳಿಯಬೇಕು. ಸುಮ್ಮನೆ ಕೂತಿದ್ದರೂ ಏದುಸಿರು, ಕೆಮ್ಮಿದರೆ ನೊರೆ ಎಂದಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದು. ರಾತ್ರಿಯಾದರೂ ಸರಿ, ಮಳೆಯಾದರೂ ಸರಿ. ಇಷ್ಟೆಲ್ಲ ಓದಿದವರೂ ತಮ್ಮದೇ ತಲೆನೋವನ್ನು ಮುಚ್ಚಿಡುತ್ತಾರೆ. ಕಟ್ಟಿದ ದುಡ್ಡು, ಜೊತೆಯವರ ಮುಂದೆ ನಾಚಿಕೆ, ಊರಲ್ಲಿ ಹೇಳಿ ಬಂದ ಮಾತು, ಎಲ್ಲ ಸೇರಿ ಬಾಯಿ ಕಟ್ಟುತ್ತವೆ. ಅದಕ್ಕೇ ನಿಮ್ಮ ಮುಖ ನೋಡಿ, ನಿಮ್ಮ ಹೆಜ್ಜೆ ನೋಡಿ, ನಿಮ್ಮ ಮಾತು ಕೇಳದೆ ನಿಮ್ಮನ್ನು ಇಳಿಸುವ ಇನ್ನೊಬ್ಬ ಬೇಕು.

2024ರ ಜೂನ್ ಮೊದಲ ವಾರ ನಿಮಗೆ ನೆನಪಿರಬಹುದು. ಉತ್ತರಕಾಶಿಯ ಮೇಲಿನ ಸಹಸ್ರತಾಲ್ ಕೆರೆಗಳ ಚಾರಣಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ 4,000 ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು. 13 ಜನರನ್ನು ಹೆಲಿಕಾಪ್ಟರ್‌ನಿಂದ, ಕಾಲ್ನಡಿಗೆಯಿಂದ ಪಾರುಮಾಡಲಾಯಿತು. ಬದುಕುಳಿದವರನ್ನು ಕರೆತರುವ ವ್ಯವಸ್ಥೆ ನೋಡಲು ಆಗ ನಮ್ಮ ಕಂದಾಯ ಸಚಿವರಾಗಿದ್ದ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋದರು. ತೀರಿಕೊಂಡವರಲ್ಲಿ ಹಲವರು ಬೆಟ್ಟಕ್ಕೆ ಹೊಸಬರಾಗಿರಲಿಲ್ಲ. ಯಾರ ತಪ್ಪೆಂದು ಜಗುಲಿಯ ಮೇಲೆ ಕೂತು ತೀರ್ಪು ಕೊಡುವ ಕೆಲಸ ನನ್ನದಲ್ಲ. ಸತ್ತವರ ಮನೆಯವರ ದುಃಖದ ಮುಂದೆ ಅದು ಸಣ್ಣತನ. ಅನುಭವವಿದ್ದವರನ್ನೂ ಆ ಎತ್ತರದ ಹವೆ ಗಂಟೆಗಳಲ್ಲಿ ಕೆಡವಬಲ್ಲದು ಎಂಬುದನ್ನು ಮಾತ್ರ ನೀವು ಹೊರಡುವ ಮೊದಲು ಮನಸ್ಸಿಗೆ ಇಳಿಸಿಕೊಳ್ಳಿ.

ಚಳಿ ಹೇಗೆ ಕೊಲ್ಲುತ್ತದೆ ಎಂಬುದನ್ನು ಬಿಸಿಲ ನಾಡಿನವರಾದ ನಾವು ತಿಳಿದಿರುವುದಿಲ್ಲ. ಬರಿಯ ಚಳಿಗಿಂತ ಒದ್ದೆಯೂ ಗಾಳಿಯೂ ಜೊತೆಯಾದಾಗಲೇ ಅಪಾಯ. ಹತ್ತುವಾಗ ಬೆವರಿ ಒದ್ದೆಯಾದ ಹತ್ತಿ ಅಂಗಿ ನಿಂತ ಕೂಡಲೇ ಮೈಯ ಶಾಖವನ್ನು ಹೀರುತ್ತದೆ. ಮೊದಲು ನಡುಕ, ಆಮೇಲೆ ನಾಲಗೆ ತೊದಲುತ್ತದೆ, ಗುಂಡಿ ಹಾಕಲು ಬೆರಳು ಕೇಳುವುದಿಲ್ಲ, ಆಮೇಲೆ ನಡುಕವೇ ನಿಂತುಹೋಗುತ್ತದೆ. ನಡುಕ ನಿಂತಿತೆಂದು ಸಮಾಧಾನಪಡಬೇಡಿ, ಅದು ಕಡೆಯ ಗಂಟೆ. ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಚಳ್ಳಕೆರೆಯ ಕುರಿ ಕಂಬಳಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಆಷಾಢದ ಗಾಳಿಯಲ್ಲಿ, ಜಡಿಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡು ರಾತ್ರಿಯಿಡೀ ಮಂದೆ ಕಾಯುವ ಕುರಿಗಾರ ಈ ವಿಜ್ಞಾನವನ್ನು ಪುಸ್ತಕದಲ್ಲಿ ಓದಿಲ್ಲ. ಹಿಮಾಲಯಕ್ಕೆ ಕಂಬಳಿ ಹೊತ್ತು ಹೋಗಿ ಎಂದು ಹೇಳುತ್ತಿಲ್ಲ, ಅದರ ಭಾರ ನನಗೂ ಗೊತ್ತು. ಮೈಗಂಟಿಕೊಳ್ಳುವ ಬಟ್ಟೆ ಮಾತ್ರ ಹತ್ತಿಯದಾಗದೆ ಉಣ್ಣೆಯದೋ ಬೇಗ ಒಣಗುವಂಥದೋ ಇರಲಿ. ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಗುಡಾರ ಸೇರುವವರೆಗೂ ಅದು ಒಣಗಿಯೇ ಇರಲಿ.

ಇನ್ನು ದುಡ್ಡಿನ ಮಾತು. ಮುಂಗಡ ಕಟ್ಟುವ ಮೊದಲು ಕಂಪನಿಯವರನ್ನು ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ನಮ್ಮ ತಂಡದ ಮುಂದಾಳು ಯಾರು, ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದಾನೆ? ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ 1965ರಿಂದ ತರಬೇತಿ ಕೊಡುತ್ತಿದೆ, ಅಂಥ ಕಡೆ ಕಲಿತವನೇ? ಪ್ರಥಮ ಚಿಕಿತ್ಸೆ ಬಲ್ಲನೇ? ಆಮ್ಲಜನಕದ ಸಿಲಿಂಡರು, ಬೆರಳಿಗೆ ಹಾಕಿ ನೋಡುವ ಆಕ್ಸಿಮೀಟರು ಜೊತೆಗಿರುತ್ತವೆಯೇ? ಒಗ್ಗಿಕೊಳ್ಳುವ ದಿನ ಪಟ್ಟಿಯಲ್ಲಿದೆಯೇ? ಶಿಖರವೋ ಕೆರೆಯೋ ಸಿಗಲಿ ಬಿಡಲಿ, ಎಷ್ಟು ಗಂಟೆಗೆ ವಾಪಸ್ಸು ತಿರುಗುತ್ತೀರಿ? ಹವೆ ಕೆಟ್ಟರೆ ಕಾಯಲು ಒಂದು ಹೆಚ್ಚಿನ ದಿನ ಇಟ್ಟಿದ್ದೀರಾ? ಹೊರೆ ಹೊರುವವರಿಗೆ, ಅಡುಗೆಯವರಿಗೆ ವಿಮೆ ಇದೆಯೇ, ಅವರ ಕಾಲಿಗೆ ಶೂ, ಮೈಗೆ ಜಾಕೀಟು ಇದೆಯೇ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೊರೆಯಾಳಿನ ಚಳಿಯನ್ನು ಲೆಕ್ಕಕ್ಕಿಡದ ಕಂಪನಿ ನಿಮ್ಮ ಚಳಿಯನ್ನೂ ಲೆಕ್ಕಕ್ಕಿಡುವುದಿಲ್ಲ. ಹಾಗೆಯೇ ನಿಮ್ಮ ತಂಡಕ್ಕೂ ಒಂದು ಮಾತು. ಮುಂದಾಳು ಬೇಡ ಅಂದಾಗ "ದುಡ್ಡು ಕೊಟ್ಟಿದ್ದೀವಿ" ಎಂಬ ಮಾತು ನಿಮ್ಮ ಬಾಯಲ್ಲಿ ಬರಬಾರದು. ನಾವು ಕುರಿಗಾರನಿಗೆ ಹೆಚ್ಚಿನ ಕೂಲಿಯ ಆಸೆ ತೋರಿಸಿದ್ದು ನೆನೆದರೆ ನನಗೆ ಈಗಲೂ ತಲೆ ತಗ್ಗುತ್ತದೆ. ಒಂದು ದಿನದ ಕೂಲಿಯ ಅಗತ್ಯ ಅವನಿಗೆ ನಮಗಿಂತ ಹೆಚ್ಚಿತ್ತು. ಆದರೂ ಆತ ಇಳಿದ. ಎಲ್ಲರೂ ಅಷ್ಟು ಗಟ್ಟಿಗರಿರುವುದಿಲ್ಲ. ಗಿರಾಕಿ ಮುನಿದರೆ ಮುಂದಿನ ಸಲ ಕೆಲಸವಿಲ್ಲ ಎಂಬ ಭಯದಲ್ಲಿ ಮುಂದೆ ನಡೆದುಬಿಡುವವರೂ ಇದ್ದಾರೆ. ಆ ಭಯವನ್ನು ಅವರಿಗೆ ಹುಟ್ಟಿಸುವವರು ನೀವಾಗಬೇಡಿ.

ಹೊರಡಲು ತಿಂಗಳಿದೆ ತಾನೆ? ಅಲ್ಲಿಯವರೆಗೆ ನಮ್ಮ ಗುಡ್ಡಗಳನ್ನೇ ಹತ್ತಿ. ದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರನ್ನು ನೋಡುತ್ತ ಬೆಳೆದವರು ನೀವು, ಕಲ್ಲಿಗೆ ಹೆದರುವವರಲ್ಲ. ಆದರೆ ಆ ಸಾಹಸ ನೋಡಲಿಕ್ಕೆ, ನಿಮ್ಮ ತಯಾರಿಗೆ ಬೇಕಾದದ್ದು ಬೇರೆ. ಜಟಿಂಗ ರಾಮೇಶ್ವರ ಬೆಟ್ಟ ಸಾವಿರ ಮೀಟರಿಗೂ ಎತ್ತರ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂದು ನಮ್ಮ ಜನ ನಂಬಿದ್ದಾರೆ. ಎಂಟು ಕಿಲೋ ಹೊರೆ ಬೆನ್ನಿಗೇರಿಸಿ ವಾರಕ್ಕೆರಡು ಸಲ ಮೆಟ್ಟಿಲು ಹತ್ತಿ ಇಳಿಯಿರಿ, ಮೊಣಕಾಲು ಇಳಿಯುವಾಗಲೇ ತನ್ನ ದೂರು ಹೇಳುತ್ತದೆ. ಬಿಸಿಲೇರುವ ಮೊದಲು ಇಳಿದುಬಿಡಿ. ನೀರು ಮುಗಿದ ಮೇಲೆ ಹುಡುಕುವುದಲ್ಲ, ಅರ್ಧ ಇರುವಾಗಲೇ ತಿರುಗುವ ಅಭ್ಯಾಸ ಇಲ್ಲೇ ಆಗಲಿ. ಮುಸ್ಸಂಜೆ, ನಸುಕಿನ ಹೊತ್ತು ಕರಡಿಯದು, ಆ ಹೊತ್ತನ್ನು ಅದಕ್ಕೇ ಬಿಡಿ.

ಹತ್ತುವ ಮೊದಲು ಬ್ರಹ್ಮಗಿರಿಯ ಬುಡದಲ್ಲಿರುವ ಅಶೋಕನ ಶಾಸನವನ್ನೂ ನೋಡಿ. ನಮ್ಮ ಜನ ಅದನ್ನು ಅಕ್ಷರಗುಂಡು ಎನ್ನುತ್ತಿದ್ದರು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿಯೂ, ಸಿದ್ದಾಪುರದಲ್ಲಿಯೂ, ಜಟಿಂಗ ರಾಮೇಶ್ವರದ ಮೇಲೂ ಈ ಶಾಸನಗಳನ್ನು ಗುರುತಿಸಿದರು. ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ಬಳೆಗಾರನ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಅಕ್ಷರಗಳು ಸವೆದಿವೆ. ನಾನು ಮಕ್ಕಳಿಗೆ ಹೇಳುತ್ತಿದ್ದೆ, ನಮ್ಮ ಸೀಮೆಯ ಮೊದಲ ಬಹಿರಂಗ ಪತ್ರ ಇದು ಎಂದು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಬರೆಸಿದ ಪತ್ರ, ಅದೂ ಮೊದಲು ಅವರ ಆರೋಗ್ಯ ವಿಚಾರಿಸಿ. ಆಮೇಲೆ ಅದು ಹೇಳುವುದು ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿರಲಿ, ನಿಜ ಹೇಳಿ, ಶಿಷ್ಯರು ಗುರುವನ್ನು ಗೌರವಿಸಲಿ ಎಂಬುದನ್ನು. ಕೊನೆಗೆ ಬರೆದವನ ಹೆಸರಿದೆ, ಚಪಡ. ಲಿಪಿಕಾರ ಎಂಬ ಮಾತನ್ನು ಮಾತ್ರ ಆತ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಆ ಲಿಪಿ ಬಲ್ಲವನೊಬ್ಬನ ಕೈ ಈ ಬಂಡೆಯ ಮೇಲೆ ಆಡಿದೆ. ಅವನನ್ನು ಇಲ್ಲಿಯವರೆಗೆ ಕರೆತರಲು ದಾರಿಯುದ್ದಕ್ಕೂ ಎಷ್ಟು ಜನ ಊರಿನವರು ಮುಂದೆ ನಡೆದಿದ್ದರೋ, ಅವರ ಹೆಸರು ಮಾತ್ರ ಯಾವ ಬಂಡೆಯ ಮೇಲೂ ಇಲ್ಲ.

ಅಂಥವರು ನಮ್ಮಲ್ಲಿ ಇನ್ನೂ ಇದ್ದಾರೆ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೆ ಯಾವ ಕಣಿವೆಯಲ್ಲಿ ಬರದಲ್ಲೂ ಹುಲ್ಲಿದೆ, ಯಾವ ದೊಣೆಯಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆ ಎಂಬುದೆಲ್ಲ ಗೊತ್ತು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಬೇಲಿಯೊಳಗೆ ಸೇರಿದ ಮೇಲೆ ದನಕರುಗಳ ದಾರಿಯೇ ತಪ್ಪಿತು, ಆ ತಿಳಿವಳಿಕೆಗೂ ಕೆಲಸ ಕಡಿಮೆಯಾಯಿತು. ಉತ್ತರಕಾಶಿಯ ಹಳ್ಳಿಯ ಹುಡುಗ ತನ್ನ ಅಜ್ಜನಿಂದ ಕಲಿತ ದಾರಿಯನ್ನು ಇವತ್ತು ಕಸುಬು ಮಾಡಿಕೊಂಡಿದ್ದಾನೆ. ನಮ್ಮ ಕಿಲಾರಿಯ ಮೊಮ್ಮಗ ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತಿದ್ದಾನೆ. ನಮ್ಮ ರಾಜ್ಯದ ಅರಣ್ಯ ಇಲಾಖೆ 2024ರಲ್ಲಿ ಕುಮಾರಪರ್ವತದ ನೂಕುನುಗ್ಗಲು ನೋಡಿದ ಮೇಲೆ ಚಾರಣಕ್ಕೆ ಆನ್‌ಲೈನ್ ನೋಂದಣಿ ಕಡ್ಡಾಯ ಮಾಡಿ 'ಅರಣ್ಯ ವಿಹಾರ' ಎಂಬ ವ್ಯವಸ್ಥೆ ತಂದಿತು. ಬಯಲುಸೀಮೆಯ ಗುಡ್ಡಗಳಿಗೂ ಊರಿನವರೇ ಮಾರ್ಗದರ್ಶಿಗಳಾಗುವ ದಿನ ಬರಬೇಕು. ಹಿಮಾಲಯದಿಂದ ಬಂದ ಮೇಲೆ ನೀವು ಅಲ್ಲಿ ಕಂಡದ್ದನ್ನು ನಮ್ಮ ಪಂಚಾಯ್ತಿಯವರಿಗೆ, ಅರಣ್ಯದವರಿಗೆ ಹೇಳಿ. ಬೆಂಗಳೂರಿನಲ್ಲಿರುವ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯಲ್ಲಿ ತರಬೇತಿ ಪಡೆಯಲು ನಾಲ್ಕು ಹುಡುಗ ಹುಡುಗಿಯರನ್ನು ಕಳಿಸೋಣ. ಹಗ್ಗದ ವಿದ್ಯೆ ಅವರು ಅಲ್ಲಿ ಕಲಿಯಲಿ, ಹುತ್ತದ ಹಸಿಮಣ್ಣು ಓದುವುದನ್ನು ಇಲ್ಲಿ ಕಲಿಯಲಿ.

ಸಂತೋಷವಾಗಿ ಹೋಗಿಬನ್ನಿ. ಹೊರಡುವ ಹಿಂದಿನ ದಿನ ಒಂದು ಕೆಲಸ ಮಾಡಿ. ಕಂಪನಿಗೆ ಫೋನು ಮಾಡಿ, ನಿಮ್ಮ ಮುಂದೆ ನಡೆಯುವ ಆಳಿನ ಹೆಸರು ಕೇಳಿ. ಆ ಹೆಸರು, ಅವನ ಊರು, ಅವನ ಫೋನ್ ನಂಬರು, ನೀವು ಕೆಳಗಿಳಿಯುವ ದಿನ, ಈ ನಾಲ್ಕನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಅವ್ವನಿಗೆ ತೋರಿಸಿ ಹೊರಡಿ. ಹೆಸರು ಹೇಳಲು ಕಂಪನಿಯವರಿಗೆ ಆಗದಿದ್ದರೆ ಮುಂಗಡ ವಾಪಸ್ಸು ಕೇಳಿ. ಅವರು ಕೊಡದಿದ್ದರೂ ಹೋಗಬೇಡಿ.

ಇಂತಿ,
ಚಳ್ಳಕೆರೆಯ ನಿಮ್ಮ ಹಳೆಯ ಮೇಷ್ಟ್ರು